ಹಾಜರಿ ಪುಸ್ತಕದಲ್ಲಿ ಹೆಸರಿದೆ, ಪಾಠದಲ್ಲಿ ಮಗು ಇದೆಯಾ? ಸಮನ್ವಯ ಶಿಕ್ಷಣ: ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಬಂತು ಅಂದರೆ ಮೈಸೂರು, ಮಂಡ್ಯ ಎರಡೂ ಕಡೆಯಿಂದ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಕೇಳುವವರು ಹೆಚ್ಚಾಗಿ ಅಮ್ಮಂದಿರು, ಕೆಲವು ಸಲ ಅಜ್ಜಂದಿರು. ಈಚೆಗೆ ಮೇಷ್ಟ್ರುಗಳೂ ಕೇಳುತ್ತಿದ್ದಾರೆ, ಅದು ನನಗೆ ತುಂಬಾ ಖುಷಿಯ ವಿಷಯ. ಅಂಗವಿಕಲತೆ ಇರುವ ಮಗುವನ್ನು ಊರಿನ ಮಾಮೂಲಿ ಶಾಲೆಯಲ್ಲೇ ಮಿಕ್ಕ ಮಕ್ಕಳ ಜೊತೆ ಓದಿಸುವ ಬಗ್ಗೆ ಈ ಪ್ರಶ್ನೆಗಳು. ಇಲಾಖೆಯ ಕಾಗದಗಳಲ್ಲಿ ಇದಕ್ಕೆ ಸಮನ್ವಯ ಶಿಕ್ಷಣ ಅಂತ ಹೆಸರು. ಕಾನೂನು ಬಂದು ವರ್ಷಗಳಾದವು, ಮಕ್ಕಳ ಹೆಸರು ಹಾಜರಿ ಪುಸ್ತಕಕ್ಕೂ ಬಂದಿದೆ. ಆದರೆ ಆ ಮಕ್ಕಳು ಪಾಠದೊಳಗೆ ಬಂದಿದ್ದಾರಾ? ನನ್ನ ಚಿಂತೆ ಅದೇ.

ಕಾನೂನು, ಕಾನೂನು ಅಂತೀರಲ್ಲ, ಯಾವುದು ಆ ಕಾನೂನು?

ಮುಖ್ಯವಾಗಿ ಎರಡು. ಒಂದು, 2009ರ ಶಿಕ್ಷಣ ಹಕ್ಕು ಕಾಯ್ದೆ, ಎಲ್ಲರೂ ಆರ್‌ಟಿಇ ಅನ್ನುತ್ತಾರಲ್ಲ, ಅದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. 2012ರಲ್ಲಿ ತಿದ್ದುಪಡಿ ಮಾಡಿ ಅಂಗವಿಕಲ ಮಕ್ಕಳನ್ನು ಅದರೊಳಗೆ ಸ್ಪಷ್ಟವಾಗಿ ಸೇರಿಸಿದರು.

ಇನ್ನೊಂದು, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. ಹಳೆಯ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆ ಮಾತ್ರ ಇತ್ತು, ಇದರಲ್ಲಿ 21 ಇವೆ. ಆಟಿಸಂ, ಕಲಿಕಾ ನ್ಯೂನತೆ, ಸ್ನಾಯು ಕ್ಷೀಣತೆ, ತಲಸ್ಸೇಮಿಯಾ, ಹಿಮೋಫಿಲಿಯಾ ಎಲ್ಲ ಸೇರಿವೆ. ಈ ಕಾಯ್ದೆಯ 16ನೇ ಸೆಕ್ಷನ್ನನ್ನು ಪಾಲಕರು ಬಾಯಿಪಾಠ ಮಾಡಿಕೊಂಡರೂ ತಪ್ಪಿಲ್ಲ. ಸರ್ಕಾರದ ಹಣ ಪಡೆಯುವ ಅಥವಾ ಸರ್ಕಾರದಿಂದ ಮಾನ್ಯತೆ ಪಡೆದ ಪ್ರತಿ ಶಾಲೆಯೂ ಭೇದ ಮಾಡದೆ ಸೇರಿಸಿಕೊಳ್ಳಬೇಕು, ಆಟ ಪಾಠ ಎರಡರಲ್ಲೂ ಬೇರೆ ಮಕ್ಕಳ ಸಮಕ್ಕೆ ಅವಕಾಶ ಕೊಡಬೇಕು, ಕಟ್ಟಡ ಮಗುವಿಗೆ ಓಡಾಡಲು ಆಗುವ ಹಾಗಿರಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಹಾಗೆ ವ್ಯವಸ್ಥೆ ಬದಲಿಸಿಕೊಳ್ಳಬೇಕು ಅಂತ ಅದು ಹೇಳುತ್ತದೆ. ಮಾನ್ಯತೆ ಪಡೆದ ಅಂದರೆ ನಿಮ್ಮ ಬಡಾವಣೆಯ ಖಾಸಗಿ ಕಾನ್ವೆಂಟೂ ಬಂತು.

ಖಾಸಗಿ ಶಾಲೆಯವರು "ನಮ್ಮಲ್ಲಿ ಸೌಲಭ್ಯ ಇಲ್ಲ, ಬೇರೆ ಕಡೆ ನೋಡಿ" ಅಂದರು. ಏನು ಮಾಡೋದು?

ಈ ಮಾತು ಎಷ್ಟು ಮೆತ್ತಗೆ ಬರುತ್ತದೆ ಅಂದರೆ, ಕೇಳಿದವರಿಗೆ ಅದು ನಿರಾಕರಣೆ ಅಂತಲೇ ಅನ್ನಿಸುವುದಿಲ್ಲ. "ನಿಮ್ಮ ಮಗುವಿನ ಒಳ್ಳೆಯದಕ್ಕೇ ಹೇಳ್ತಿದ್ದೀವಿ ಮೇಡಂ" ಅನ್ನುತ್ತಾರೆ. ಕಾಫಿ ಕೊಟ್ಟು ಕಳಿಸುತ್ತಾರೆ. ಆ ತಾಯಿ ಬಸ್ ಹತ್ತಿ ಮನೆಗೆ ಬಂದ ಮೇಲೆ ಅಳುತ್ತಾಳೆ.

ಸೌಲಭ್ಯ ಇಲ್ಲ ಅನ್ನುವುದು ಕಾನೂನಿನ ಕಣ್ಣಲ್ಲಿ ಕಾರಣವೇ ಅಲ್ಲ. ಸೌಲಭ್ಯ ಮಾಡಿಕೊಡುವುದು ಶಾಲೆಯದೇ ಕರ್ತವ್ಯ ಅಂತ ಕಾಯ್ದೆ ಹೇಳುವಾಗ, ಅದು ಇಲ್ಲ ಅಂತ ಹೇಳಿ ಮಗುವನ್ನು ವಾಪಸ್ ಕಳಿಸುವುದು ಹೇಗೆ ಸರಿಯಾಗುತ್ತದೆ?

ನಾನು ಎಲ್ಲರಿಗೂ ಹೇಳುವುದು ಒಂದೇ. ಬಾಯಿಮಾತಲ್ಲಿ ಕೇಳಬೇಡಿ. ಅರ್ಜಿ ಬರೆದು ಕೊಡಿ. ಮಗುವಿನ ಹೆಸರು, ವಯಸ್ಸು, ಯಾವ ತರಗತಿ, ಏನು ಸಹಾಯ ಬೇಕು, ಇಷ್ಟು ಸಾಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ. ಅವರು ಸೀಲು ಹಾಕಲು ಒಪ್ಪದಿದ್ದರೆ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿ. ಸೇರಿಸಿಕೊಳ್ಳಲು ಆಗಲ್ಲ ಅನ್ನುವುದಾದರೆ ಅದನ್ನೂ ಕಾರಣ ಸಮೇತ ಬರೆದು ಕೊಡಿ ಅಂತ ಕೇಳಿ. ಬರೆದು ಕೊಡಬೇಕು ಅಂದ ಕೂಡಲೇ ಎಷ್ಟೋ ಕಡೆ ಮಾತಿನ ಧಾಟಿಯೇ ಬದಲಾಗುತ್ತದೆ.

ದಂಡದ ವಿಷಯಾನೂ ಗೊತ್ತಿರಲಿ. 2016ರ ಕಾಯ್ದೆ ಮುರಿದರೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮುರಿದರೆ 50,000ದಿಂದ 5 ಲಕ್ಷದವರೆಗೆ ದಂಡ. ಸೇರಿಸಿಕೊಳ್ಳುವ ಮುಂಚೆ ಮಗುವಿಗೆ ಪರೀಕ್ಷೆ, ಇಂಟರ್‌ವ್ಯೂ ಅಂತ ಮಾಡಿ ಸೋಸುವುದನ್ನು ಆರ್‌ಟಿಇ ಬೇರೆಯಾಗಿಯೇ ನಿಷೇಧಿಸಿದೆ. ಅದಕ್ಕೆ ಮೊದಲ ಸಲ 25,000, ಆಮೇಲೆ ಪ್ರತಿ ಸಲಕ್ಕೂ 50,000ದವರೆಗೆ ದಂಡ ಇದೆ.

ಒಂದು ಎಚ್ಚರ. ಅಲ್ಪಸಂಖ್ಯಾತ ಸಂಸ್ಥೆಯ ಶಾಲೆಗಳಿಗೆ ಆರ್‌ಟಿಇ ಅನ್ವಯಿಸುವುದಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಅಂಥ ಕಡೆ ಆರ್‌ಟಿಇ ಹೆಸರು ಹಿಡಿದು ವಾದ ಮಾಡಬೇಡಿ, 2016ರ ಕಾಯ್ದೆ ಹಿಡಿದು ಕೇಳಿ.

ಆರ್‌ಟಿಇ ಸೀಟಲ್ಲಿ ಫ್ರೀ ಆಗಿ ಖಾಸಗಿ ಶಾಲೆಗೆ ಸೇರಿಸಬಹುದಾ?

ಕಾಯ್ದೆಯಲ್ಲಿ ಶೇ 25ರ ಸೀಟುಗಳಿಗೆ ಅಂಗವಿಕಲ ಮಕ್ಕಳೂ ಅರ್ಹರು. ಆದರೆ 2019ರಲ್ಲಿ ಕರ್ನಾಟಕ ನಿಯಮ ಬದಲಿಸಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗುವುದಿಲ್ಲ. ನಮ್ಮ ಜಿಲ್ಲೆಗಳಲ್ಲಿ ಸರ್ಕಾರಿ ಶಾಲೆ ಇಲ್ಲದ ಕಡೆ ಕಡಿಮೆ, ಆದ್ದರಿಂದ ಇದನ್ನೇ ನಂಬಿಕೊಂಡು ಕೂರಬೇಡಿ. ಫೀಸ್ ಕಟ್ಟಿ ಸೇರಿಸುತ್ತೇವೆ ಅಂದರೂ ಬೇಡ ಅಂದರೆ ಅದು ಬೇರೆ ವಿಷಯ, ಮೇಲೆ ಹೇಳಿದ ದಾರಿ ಹಿಡಿಯಿರಿ.

ಸರ್ಟಿಫಿಕೇಟ್ ಇನ್ನೂ ಆಗಿಲ್ಲ. ಅದಿಲ್ಲದೆ ಶಾಲೆಗೆ ಸೇರಿಸ್ತಾರಾ?

ಸೇರಿಸಲೇಬೇಕು. ಅಂಗವಿಕಲತೆ ಸರ್ಟಿಫಿಕೇಟ್ ತಂದರಷ್ಟೇ ಸೀಟು ಅಂತ ಯಾವ ಕಾನೂನೂ ಹೇಳಿಲ್ಲ. ಜನನ ಪ್ರಮಾಣಪತ್ರ ಇಲ್ಲ ಅಂತ ಕೂಡ ನಿರಾಕರಿಸುವ ಹಾಗಿಲ್ಲ, ಆರ್‌ಟಿಇ ಅದನ್ನು ನೇರವಾಗಿ ಹೇಳಿದೆ.

ಆದರೂ ಸರ್ಟಿಫಿಕೇಟ್ ಮಾಡಿಸಿ. ಭತ್ಯೆ, ಸಲಕರಣೆ, ಪರೀಕ್ಷೆಯ ರಿಯಾಯಿತಿ, ಪಿಂಚಣಿ, ಬಸ್ ಪಾಸ್ ಎಲ್ಲಕ್ಕೂ ಅದೇ ಬೇಕು. ಈಗ ಅದು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ ಆಗಿದೆ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಅವರು ಹೇಳಿದ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ, ಮಂಡ್ಯದವರಿಗೆ ಮಿಮ್ಸ್ ದೊಡ್ಡ ಸರ್ಕಾರಿ ಆಸ್ಪತ್ರೆಗಳು. ಆನ್‌ಲೈನ್ ಕೆಲಸ ಕಷ್ಟ ಅನ್ನುವವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹುಡುಕಿ. ಊರಲ್ಲಿ ಅವರನ್ನು ವಿಆರ್‌ಡಬ್ಲ್ಯೂ ಅಂತಲೇ ಕರೆಯುತ್ತಾರೆ. ತಾಲ್ಲೂಕು ಪಂಚಾಯಿತಿಯಲ್ಲಿ ಅವರ ಮೇಲಿನವರು ಎಂಆರ್‌ಡಬ್ಲ್ಯೂ. ಇವರ ಕೆಲಸವೇ ಇದು.

ಮಗು ಮಾತಾಡುವುದು ತಡವಾಗಿದೆ, ಕೂಗಿದರೆ ತಿರುಗಲ್ಲ ಅಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬನ್ನಿ. 1965ರಿಂದ ಇರುವ ಸಂಸ್ಥೆ. ದೇಶದ ಮೂಲೆಮೂಲೆಯಿಂದ ಜನ ಇಲ್ಲಿಗೆ ಬರುತ್ತಾರೆ. ನಮ್ಮ ನಂಜನಗೂಡು, ಮಳವಳ್ಳಿಯವರಿಗೆ ಇದು ಒಂದು ಬಸ್ಸಿನ ದೂರ. ಆದರೂ ಮಗುವಿಗೆ ಐದಾರು ವರ್ಷ ಆಗುವ ತನಕ "ಅವರಪ್ಪನೂ ತಡವಾಗೇ ಮಾತಾಡಿದ್ದು" ಅಂತ ಕಾಯುತ್ತಾ ಕೂರುತ್ತೇವೆ. ದಯವಿಟ್ಟು ಕಾಯಬೇಡಿ.

ಕಲಿಕಾ ನ್ಯೂನತೆ, ಅಂದರೆ ಡಿಸ್ಲೆಕ್ಸಿಯಾ ಥರದ್ದು ಇದ್ದರೆ, ಸರ್ಟಿಫಿಕೇಟ್ 8 ವರ್ಷ ತುಂಬಿದ ಮೇಲಷ್ಟೇ ಕೊಡುತ್ತಾರೆ. ಸಹಾಯ ಮಾತ್ರ ಅದಕ್ಕಿಂತ ಮುಂಚೆಯೇ ಶುರುವಾಗಬೇಕು.

ವಿಶೇಷ ಶಾಲೆಗೇ ಸೇರಿಸಿಬಿಟ್ಟರೆ ಒಳ್ಳೇದಲ್ವಾ? ಅಲ್ಲಿ ಟ್ರೈನಿಂಗ್ ಆದ ಟೀಚರ್ ಇರ್ತಾರೆ.

ಇದಕ್ಕೆ ಒಂದೇ ಉತ್ತರ ಇಲ್ಲ. 2016ರ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವಿಕಲತೆ ಇರುವ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ನೆರೆಹೊರೆಯ ಶಾಲೆಯಲ್ಲಿ ಬೇಕೋ, ವಿಶೇಷ ಶಾಲೆಯಲ್ಲಿ ಬೇಕೋ, ಆಯ್ಕೆ ನಿಮ್ಮದು. ಇದರಲ್ಲಿ ಆಯ್ಕೆ ಅನ್ನುವುದು ಮುಖ್ಯ. ಮಾಮೂಲಿ ಶಾಲೆ ಬಾಗಿಲು ಹಾಕಿತು ಅಂತ ವಿಶೇಷ ಶಾಲೆಗೆ ಹೋದರೆ ಅದನ್ನು ಆಯ್ಕೆ ಅನ್ನಲು ಆಗುವುದಿಲ್ಲ.

ಮೈಸೂರಿಗೆ ವಿಶೇಷ ಶಾಲೆ ಹೊಸದಲ್ಲ. ಕಿವಿ ಕೇಳದ, ಕಣ್ಣು ಕಾಣದ ಮಕ್ಕಳಿಗೆ 1901ರಲ್ಲೇ ಇಲ್ಲಿ ಶಾಲೆ ಶುರುವಾಗಿತ್ತು. ಆ ಪರಂಪರೆ ಬಗ್ಗೆ ನನಗೆ ಗೌರವ ಇದೆ. ಪೂರ್ತಿ ಕಿವಿ ಕೇಳದ ಮಗುವಿಗೆ ಸನ್ನೆ ಭಾಷೆ ಬರುವ ಗೆಳೆಯರು, ಸನ್ನೆ ಭಾಷೆ ಬರುವ ಟೀಚರ್ ಬೇಕೇ ಬೇಕು. ಸನ್ನೆ ಒಂದೂ ಗೊತ್ತಿಲ್ಲದ ತರಗತಿಯಲ್ಲಿ ಆ ಮಗು ಒಬ್ಬಂಟಿಯಾಗಿ ಕೂತರೆ ಅದನ್ನು ನಾನು ಸಮನ್ವಯ ಅಂತ ಒಪ್ಪುವುದಿಲ್ಲ. ಆದರೆ ನಡೆಯಲು ಆಗದ, ಕಲಿಕೆ ನಿಧಾನ ಇರುವ, ಸ್ವಲ್ಪ ದೃಷ್ಟಿ ಇರುವ ಮಗುವನ್ನು ಊರು ಬಿಡಿಸಿ, ಅಕ್ಕ ತಮ್ಮಂದಿರನ್ನು ಬಿಡಿಸಿ ಹಾಸ್ಟೆಲಿಗೆ ಹಾಕುವ ಮುಂಚೆ ನೂರು ಸಲ ಯೋಚಿಸಿ. ದೊಡ್ಡವರಾದ ಮೇಲೆ ಅವರು ಬದುಕಬೇಕಾದದ್ದು ಇದೇ ಊರಲ್ಲಿ, ಇದೇ ಜನರ ಮಧ್ಯೆ.

ಮಗುವನ್ನು ಸೇರಿಸಿಕೊಂಡಿದ್ದಾರೆ. ಆದರೆ ಸುಮ್ನೆ ಹಿಂದಿನ ಬೆಂಚಲ್ಲಿ ಕೂರಿಸಿದ್ದಾರೆ. ಕೇಳಿದರೆ "ತೊಂದರೆ ಏನೂ ಕೊಡಲ್ಲ, ಪಾಪ" ಅಂತಾರೆ. ಇದಕ್ಕೆ ಕಾನೂನಲ್ಲಿ ಏನಾದರೂ ಇದೆಯಾ?

ಇದೆ. ನನಗೆ ಎಲ್ಲಕ್ಕಿಂತ ಸಂಕಟ ಕೊಡುವ ಪ್ರಶ್ನೆಯೂ ಇದೇ.

ಸೇರಿಸಿಕೊಳ್ಳದಿದ್ದರೆ ಜಗಳ ಆಡಬಹುದು, ಅಲ್ಲಿ ತಪ್ಪು ಕಣ್ಣಿಗೆ ಕಾಣುತ್ತದೆ. ಸೇರಿಸಿಕೊಂಡು, ಬಿಸಿಯೂಟ ಹಾಕಿ, ಪ್ರೀತಿಯಿಂದ ತಲೆ ಸವರಿ, ಏನೂ ಕಲಿಸದೆ ವರ್ಷ ಕಳೆದರೆ? ಆ ಮಗು ಒಂದರಿಂದ ಏಳನೇ ಕ್ಲಾಸಿನ ತನಕ ಪಾಸಾಗುತ್ತಾ ಹೋಗುತ್ತದೆ. ಟಿಸಿ ತಗೊಳ್ಳುವ ದಿನ ತನ್ನ ಹೆಸರು ಬರೆಯಲು ಬರುವುದಿಲ್ಲ.

16ನೇ ಸೆಕ್ಷನ್‌ನಲ್ಲೇ ಇದಕ್ಕೂ ಉತ್ತರ ಇದೆ. ಪ್ರತಿ ಮಗುವಿನ ಭಾಗವಹಿಸುವಿಕೆ ಹೇಗಿದೆ, ಪ್ರಗತಿ ಎಷ್ಟಾಗಿದೆ ಅಂತ ಶಾಲೆ ಗಮನ ಇಟ್ಟು ನೋಡಬೇಕು. ಕಲಿಕಾ ನ್ಯೂನತೆ ಇದ್ದರೆ ಆದಷ್ಟು ಬೇಗ ಗುರುತಿಸಿ ಸರಿಯಾದ ಬೋಧನಾ ಕ್ರಮ ಹಿಡಿಯಬೇಕು. ಅಂದರೆ "ತೊಂದರೆ ಕೊಡಲ್ಲ" ಅನ್ನುವುದು ವರದಿ ಅಲ್ಲ. ಏನು ಕಲಿತ, ಇನ್ನೇನು ಕಲಿಯಬೇಕು ಅನ್ನುವುದು ವರದಿ.

ಹಾಗಾಗಿ ಶಾಲೆಗೆ ಹೋದಾಗ ಈ ವರ್ಷ ನಮ್ಮ ಮಗುವಿಗೆ ವೈಯಕ್ತಿಕ ಕಲಿಕಾ ಯೋಜನೆ ಮಾಡಿದ್ದೀರಾ ಅಂತ ಕೇಳಿ. ಹೆಸರು ದೊಡ್ಡದು, ವಿಷಯ ಸಣ್ಣದು. ಒಂದು ಹಾಳೆ ಸಾಕು. ಮಗುವಿಗೆ ಈಗ ಏನು ಬರುತ್ತದೆ, ದಸರಾ ರಜೆಯೊಳಗೆ ಏನು ಬರಬೇಕು, ಯಾರು ಕಲಿಸುತ್ತಾರೆ, ಹೇಗೆ ಕಲಿಸುತ್ತಾರೆ, ಮನೆಯಲ್ಲಿ ಏನು ಮಾಡಬೇಕು. ಗುರಿ ಚಿಕ್ಕದಾಗಿರಲಿ. "ಕನ್ನಡ ಸುಧಾರಿಸುವುದು" ಅಂತ ಬರೆದರೆ ಏನೂ ಬರೆದ ಹಾಗಲ್ಲ. "ಅಮ್ಮ, ಅಪ್ಪ, ತನ್ನ ಹೆಸರು, ಊರ ಹೆಸರು ನೋಡಿ ಗುರುತಿಸುವುದು" ಅಂತ ಬರೆದರೆ ಮೂರು ತಿಂಗಳ ನಂತರ ಕೂತು ನೋಡಬಹುದು, ಆಯ್ತಾ ಇಲ್ವಾ ಅಂತ.

ಇನ್ನೂ ಕೆಲವು ವಿಷಯ ಗಮನಿಸಿ. ಪ್ರಾರ್ಥನೆಗೆ ನಿಲ್ಲಿಸುತ್ತಾರಾ? ಪಿಟಿ ಪಿರಿಯಡ್‌ನಲ್ಲಿ ಮಗು ಎಲ್ಲಿರುತ್ತದೆ, ಮೈದಾನದಲ್ಲಾ, ಸ್ಟಾಫ್ ರೂಮಿನ ಬಾಗಿಲಲ್ಲಾ? ಊಟಕ್ಕೆ ಪಂಕ್ತಿಯಲ್ಲಿ ಕೂರಿಸುತ್ತಾರಾ, ಪಕ್ಕಕ್ಕಾ? ಪ್ರತಿಭಾ ಕಾರಂಜಿಗೆ, ಶಾಲಾ ಪ್ರವಾಸಕ್ಕೆ ಹೆಸರು ಕೇಳಿದ್ದಾರಾ? ಈ ಉತ್ತರಗಳು ಸಿಕ್ಕರೆ ಶಾಲೆಯ ಬಗ್ಗೆ ಗೊತ್ತಾಗಬೇಕಾದದ್ದು ಗೊತ್ತಾಗುತ್ತದೆ.

ನಾನು ಟೀಚರ್. ಒಂದೇ ಕೋಣೆಯಲ್ಲಿ ಮೂರು ತರಗತಿ, ಮೇಲೆ ದಾಖಲೆ ಕೆಲಸ. ವಿಶೇಷ ತರಬೇತಿ ಇಲ್ಲ. ನಾನು ಹೇಗೆ ಕಲಿಸಲಿ?

ನಿಮ್ಮ ಕಷ್ಟ ನಿಜ. ಅದನ್ನು ಅಲ್ಲಗಳೆಯುವವರ ಜೊತೆ ನಾನಿಲ್ಲ. ಆದರೆ ನಿಮ್ಮ ಕೈಯಲ್ಲಿ ಆಗಲೇ ಒಂದು ಒಳ್ಳೆಯ ಸಾಧನ ಇದೆ, ಅದು ನಲಿ-ಕಲಿ. 1995ರಲ್ಲಿ ನಮ್ಮ ಎಚ್.ಡಿ. ಕೋಟೆ ತಾಲ್ಲೂಕಲ್ಲೇ ಹುಟ್ಟಿದ್ದು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಬೇಕು, ಗುಂಪಲ್ಲಿ ಕೂತು ಕಾರ್ಡ್ ಹಿಡಿದು ಕಲಿಯಬೇಕು, ಒಬ್ಬರಿಗೊಬ್ಬರು ಹೇಳಿಕೊಡಬೇಕು ಅನ್ನುವುದು ಅದರ ಜೀವ. ಸಮನ್ವಯ ಶಿಕ್ಷಣದವರು ಹೇಳುವುದೂ ಹೆಚ್ಚೂಕಡಿಮೆ ಇದನ್ನೇ. ನಿಧಾನ ಕಲಿಯುವ ಮಗುವನ್ನು ಕೆಳಗಿನ ಮೆಟ್ಟಿಲಲ್ಲಿ ಇನ್ನೊಂದಷ್ಟು ದಿನ ಇರಿಸಲು ನಲಿ-ಕಲಿ ನಿಮಗೆ ಅವಕಾಶ ಕೊಡುತ್ತದೆ. ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ಆ ಪದ್ಧತಿ ನಿಂತುಹೋಗಿ ಎಲ್ಲರೂ ಒಂದೇ ಪುಟಕ್ಕೆ ಬರಬೇಕಾಗುತ್ತದೆ. ಮಕ್ಕಳು ಕಳೆದುಹೋಗುವುದು ಅಲ್ಲೇ. ನಾಲ್ಕು, ಐದರಲ್ಲೂ ಕಾರ್ಡುಗಳನ್ನು ಬಿಡಬೇಡಿ.

ಓದಲು ಬಾರದ ಮಗು ಸೋಮಾರಿ ಅಂತ ತೀರ್ಮಾನಿಸುವ ಮುಂಚೆ ನಮ್ಮ ಲಿಪಿಯನ್ನು ಒಂದು ಸಲ ಆ ಮಗುವಿನ ಕಣ್ಣಿಂದ ನೋಡಿ. ಬ, ಭ ಎರಡಕ್ಕೂ ಒಂದು ಸೀಳಿನ ವ್ಯತ್ಯಾಸ. ಪ, ಷ, ಫ ಒಂದೇ ಮನೆಯ ಮಕ್ಕಳ ಹಾಗೆ ಕಾಣುತ್ತವೆ. ಗುಣಿತದ ಚಿಹ್ನೆ ಒಮ್ಮೆ ತಲೆ ಮೇಲೆ, ಒಮ್ಮೆ ಪಕ್ಕದಲ್ಲಿ. ಒತ್ತಕ್ಷರ ಕೆಳಗೆ. ಇನ್ನು 'ಸೂರ್ಯ' ಅನ್ನುವಾಗ ರ ಮೊದಲು ಉಚ್ಚಾರ ಆಗುತ್ತದೆ, ಆದರೆ ಬರೆಯುವಾಗ ಅರ್ಕಾವೊತ್ತು ಯ ಆದ ಮೇಲೆ ಬರುತ್ತದೆ. ಡಿಸ್ಲೆಕ್ಸಿಯಾ ಇರುವ ಮಗು ಮೂಲಾಕ್ಷರ ಎಲ್ಲ ಓದುತ್ತದೆ, ಒತ್ತಕ್ಷರ ಬಂದ ಕಡೆ ನಿಂತುಬಿಡುತ್ತದೆ. ಅಂಥ ಮಗುವಿಗೆ ನೂರು ಸಲ ಕಾಪಿ ಬರೆಸಿದರೆ ಕೈ ನೋಯುತ್ತದೆ, ಓದು ಬರುವುದಿಲ್ಲ. ಒತ್ತಕ್ಷರವನ್ನು ಬೇರೆ ಬಣ್ಣದಲ್ಲಿ ಬರೆದು ತೋರಿಸಿ. ಮರಳಲ್ಲಿ, ರಾಗಿ ಹಿಟ್ಟಲ್ಲಿ ಬೆರಳಿಂದ ತಿದ್ದಿಸಿ. 'ಅಕ್ಕ' ಅನ್ನುವುದನ್ನು ಚಪ್ಪಾಳೆ ತಟ್ಟಿ ಬಿಡಿಸಿ ಕೇಳಿಸಿ. ದಿನಕ್ಕೆ ಹೊಸ ಒತ್ತು ಒಂದೇ ಸಾಕು. ಎಲ್ಲರೆದುರು ಗಟ್ಟಿಯಾಗಿ ಓದು ಅಂತ ಎಬ್ಬಿಸಬೇಡಿ. ಉತ್ತರ ಬಾಯಲ್ಲಿ ಹೇಳಿದರೆ ಅದಕ್ಕೂ ಅಂಕ ಕೊಡಿ.

ದೃಷ್ಟಿ ಕಡಿಮೆ ಇರುವ ಮಗುವನ್ನು ಮುಂದೆ ಕೂರಿಸಿ, ಕಿಟಕಿಯ ಬೆಳಕು ಹಲಗೆ ಮೇಲೆ ಹೊಳೆಯದ ಹಾಗೆ ನೋಡಿಕೊಳ್ಳಿ. ಹಲಗೆ ಮೇಲೆ ಬರೆದದ್ದನ್ನೆಲ್ಲ ಬಾಯಲ್ಲೂ ಹೇಳಿ. ಬ್ರೈಲ್ ಪುಸ್ತಕ ಬೇಕಾದರೆ ಮೈಸೂರಿನ ತಿಲಕ್‌ನಗರದಲ್ಲೇ ಸರ್ಕಾರಿ ಬ್ರೈಲ್ ಮುದ್ರಣಾಲಯ ಇದೆ. ಹಿಯರಿಂಗ್ ಏಡ್ ಹಾಕಿರುವ ಮಗುವಿಗೆ ಬೆನ್ನು ತಿರುಗಿಸಿ ಪಾಠ ಹೇಳಿದರೆ ಅರ್ಧ ಪಾಠ ಹೋಯಿತು. ಮುಖ ಕಾಣಲಿ.

ಆಟಿಸಂ ಇರುವ ಮಗುವಿಗೆ ದಿನಚರಿ ಏರುಪೇರಾದರೆ ತುಂಬಾ ಕಷ್ಟ. ಶನಿವಾರ ಬೆಳಗ್ಗೆ ಶಾಲೆ, ದಸರಾ ರಜೆ ಮುಗಿದ ಮೊದಲ ದಿನ, ಸ್ವಾತಂತ್ರ್ಯ ದಿನದ ಡ್ರಮ್ ಸದ್ದು, ಇವೆಲ್ಲ ನಮಗೆ ಖುಷಿ, ಆ ಮಗುವಿಗೆ ಭಯ. ಮುಂಚಿನ ದಿನವೇ ಚಿತ್ರ ಬರೆದು ತೋರಿಸಿ, ನಾಳೆ ಹೀಗೆ ಇರುತ್ತದೆ ಅಂತ. ಸದ್ದು ಜಾಸ್ತಿ ಆದಾಗ ಹೋಗಿ ಕೂರಲು ಒಂದು ಮೂಲೆ ಗೊತ್ತು ಮಾಡಿಡಿ. ಕಿರುಚಿದ ಮಗುವಿಗೆ ಹೊಡೆಯುವುದು ಮಾತ್ರ ಬೇಡ. ಯಾವ ಮಗುವಿಗೂ ಬೇಡ, ಆರ್‌ಟಿಇ ಅದನ್ನು ನಿಷೇಧಿಸಿದೆ.

ತರಬೇತಿ ಬೇಕು ಅಂತ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್‌ಗೆ, ಕ್ಷೇತ್ರ ಶಿಕ್ಷಣಾಧಿಕಾರಿ ಅಂದರೆ ಬಿಇಒ ಕಚೇರಿಗೆ ಬರೆದು ಕೇಳಿ. ಕೇಳುವ ಹಕ್ಕು ಪಾಲಕರಿಗೆ ಮಾತ್ರ ಇರುವುದಲ್ಲ, ನಿಮಗೂ ಇದೆ.

ಬಿಐಇಆರ್‌ಟಿ ಅಂದರೆ ಯಾರು?

ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯಲ್ಲಿ ಇರುವ ವಿಶೇಷ ಸಂಪನ್ಮೂಲ ಶಿಕ್ಷಕರು. ಸಮಗ್ರ ಶಿಕ್ಷಣ ಯೋಜನೆಯಡಿ ಕೆಲಸ ಮಾಡುತ್ತಾರೆ. ಶಾಲೆಗಳಿಗೆ ಹೋಗುವುದು, ಮಕ್ಕಳನ್ನು ಗುರುತಿಸುವುದು, ವೈದ್ಯಕೀಯ ಶಿಬಿರ ನಡೆಸುವುದು, ಮನೆಯಲ್ಲಿರುವ ಮಕ್ಕಳನ್ನು ನೋಡುವುದು ಎಲ್ಲ ಅವರ ಮೇಲೆಯೇ. ಇಡೀ ತಾಲ್ಲೂಕಿಗೆ ಕೆಲವೇ ಜನ. ನಾಗಮಂಗಲದಂಥ ದೊಡ್ಡ ತಾಲ್ಲೂಕಲ್ಲಿ ಹಳ್ಳಿಯಿಂದ ಹಳ್ಳಿಗೆ ಓಡಾಡುವುದರಲ್ಲೇ ಅವರ ದಿನ ಮುಗಿಯುತ್ತದೆ. ಅವರ ಮೇಲೆ ಕೋಪ ಮಾಡಿಕೊಂಡು ಪ್ರಯೋಜನ ಇಲ್ಲ.

ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಒಂದು ಮುಖ್ಯ ತೀರ್ಪು ಕೊಟ್ಟಿತು. ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ಇರಬೇಕು ಅಂತ. ಆ ಅನುಪಾತಕ್ಕೂ ನಾವು ನೋಡುತ್ತಿರುವುದಕ್ಕೂ ಇರುವ ಅಂತರ ಎಲ್ಲರಿಗೂ ಗೊತ್ತು. ಶಾಲೆಯ ಅಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಠರಾವು ಮಾಡಿ ಬಿಇಒಗೆ ಕಳಿಸಿ. ಹತ್ತು ಶಾಲೆಯಿಂದ ಹತ್ತು ಠರಾವು ಹೋದರೆ ಕಚೇರಿಯಲ್ಲಿ ಅದೊಂದು ಫೈಲ್ ಆಗುತ್ತದೆ.

ರ‍್ಯಾಂಪ್ ಇದೆ, ಆದರೆ ವೀಲ್‌ಚೇರ್ ಹತ್ತಲ್ಲ. ಏನು ತಪ್ಪಾಗಿದೆ?

ಕಡಿದಾಗಿ ಕಟ್ಟಿದ್ದಾರೆ. ಎತ್ತರ ಒಂದು ಪಾಲಾದರೆ ಉದ್ದ ಹನ್ನೆರಡು ಪಾಲು ಇರಬೇಕು. ಜಗಲಿ ಒಂದೂವರೆ ಅಡಿ ಎತ್ತರ ಇದ್ದರೆ ರ‍್ಯಾಂಪ್ 18 ಅಡಿ ಉದ್ದ ಬೇಕು. ಎಷ್ಟೋ ಶಾಲೆಗಳಲ್ಲಿ ಐದಾರು ಅಡಿಯಲ್ಲಿ ಮುಗಿಸಿರುತ್ತಾರೆ, ಅದರ ಮೇಲೆ ವೀಲ್‌ಚೇರ್ ಬಿಟ್ಟರೆ ಮಗು ಹಿಂದಕ್ಕೆ ಉರುಳುತ್ತದೆ. ಎರಡೂ ಕಡೆ ಕಂಬಿ ಬೇಕು, ಮೇಲೆ ತಿರುಗಲು ಜಾಗ ಬೇಕು.

ರ‍್ಯಾಂಪ್‌ಗಿಂತ ನಾನು ಮೊದಲು ಕೇಳುವುದು ಶೌಚಾಲಯ. ಬಾಗಿಲು ಅಗಲ ಇದೆಯಾ, ಹಿಡಿಯಲು ಕಂಬಿ ಇದೆಯಾ, ಕಮೋಡ್ ಇದೆಯಾ, ನೀರು ಬರುತ್ತದಾ. ಹೆಣ್ಣುಮಕ್ಕಳು ಇದೊಂದೇ ಕಾರಣಕ್ಕೆ ಬೆಳಗ್ಗೆಯಿಂದ ನೀರೇ ಕುಡಿಯದೆ ಕೂರುತ್ತಾರೆ. ದೊಡ್ಡವಳಾದ ಮೇಲೆ ಶಾಲೆ ಬಿಡುತ್ತಾರೆ.

ದುಡ್ಡೆಲ್ಲಿ ಅಂದರೆ, ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಶೇ 5ರಷ್ಟು ಹಣ ಮೀಸಲು ಇರುತ್ತದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಇನ್ನು ದುಡ್ಡೇ ಬೇಡದ ಕೆಲಸ ಒಂದಿದೆ. ಮಗುವಿನ ತರಗತಿ ಮಹಡಿ ಮೇಲಿದ್ದರೆ ಅದನ್ನು ಕೆಳಗಿನ ಕೋಣೆಗೆ ತನ್ನಿ. ಮೈಸೂರಿನ ಹಳೇ ಕಲ್ಲುಕಟ್ಟಡದ ಶಾಲೆಗಳಿಗೆ ಇದು ಎಲ್ಲಕ್ಕಿಂತ ಬೇಗ ಆಗುವ ಪರಿಹಾರ.

ಮಗು ಹಾಸಿಗೆಯಿಂದ ಏಳಲ್ಲ. ಶಾಲೆಗೆ ಕಳಿಸೋದು ಹೇಗೆ?

ತೀವ್ರ ಅಥವಾ ಬಹುವಿಧ ಅಂಗವಿಕಲತೆ ಇರುವ ಮಗುವಿಗೆ ಗೃಹಾಧಾರಿತ ಶಿಕ್ಷಣದ ಹಕ್ಕು ಆರ್‌ಟಿಇಯ 2012ರ ತಿದ್ದುಪಡಿಯಲ್ಲಿ ಬಂತು. ಬಿಐಇಆರ್‌ಟಿ ಅಥವಾ ಆ ಕೆಲಸಕ್ಕೆ ನೇಮಿಸಿದವರು ಮನೆಗೆ ಬರಬೇಕು. ಹೆಸರು ಶಾಲೆಯಲ್ಲೇ ಇರುತ್ತದೆ.

ಆದರೆ ಇದನ್ನು ಕೇಳುವ ಹಕ್ಕು ಮಗುವಿನದು, ಹೇರುವ ಅಧಿಕಾರ ಶಾಲೆಗಿಲ್ಲ. "ಮನೇಲೇ ಇರಲಿ ಬಿಡಿ, ಮೇಷ್ಟ್ರು ಬರ್ತಾರೆ" ಅಂತ ಹೇಳಿ ನಡೆದು ಬರಬಲ್ಲ ಮಗುವನ್ನೂ ಮನೆಗೆ ಕಳಿಸುವುದನ್ನು ಒಪ್ಪಬೇಡಿ. ವಾರಕ್ಕೆ ಒಂದು ದಿನವಾದರೂ, ಒಂದು ಗಂಟೆಯಾದರೂ ಎತ್ತಿಕೊಂಡು ಹೋಗಿ ಮಕ್ಕಳ ಮಧ್ಯೆ ಕೂರಿಸಲು ಆಗುತ್ತದಾ ನೋಡಿ. ಮಕ್ಕಳ ಗದ್ದಲ ಕೇಳಿ ಆ ಮುಖ ಅರಳುವುದನ್ನು ನೋಡಿದ ಮೇಲೆ ಬೇರೆ ಏನೂ ಹೇಳಬೇಕಾಗಿಲ್ಲ.

"ಶ್ಯಾಡೋ ಟೀಚರ್ ನೀವೇ ಇಟ್ಟುಕೊಳ್ಳಿ, ಸಂಬಳ ನೀವೇ ಕೊಡಿ" ಅಂತ ಶಾಲೆ ಹೇಳ್ತಿದೆ. ಸರೀನಾ?

ಶ್ಯಾಡೋ ಟೀಚರ್ ಅಂದರೆ ತರಗತಿಯಲ್ಲಿ ಮಗುವಿನ ಪಕ್ಕದಲ್ಲೇ ಕೂತು ನೆರವಾಗುವವರು. ಮೈಸೂರಿನ ಖಾಸಗಿ ಶಾಲೆಗಳ ಪಾಲಕರಿಂದ ಈ ಪ್ರಶ್ನೆ ಜಾಸ್ತಿ ಆಗುತ್ತಿದೆ. 2016ರ ಕಾಯ್ದೆ ವೈಯಕ್ತಿಕ ಬೆಂಬಲ ಕೊಡುವುದನ್ನು ಸಂಸ್ಥೆಯ ಕರ್ತವ್ಯ ಅನ್ನುತ್ತದೆ. ಹೆಚ್ಚು ನೆರವು ಬೇಕಾದ ಮಗುವಿಗೆ, ಮಗುವಿನ ಸಹಾಯಕರಿಗೆ ಸಾರಿಗೆ ವ್ಯವಸ್ಥೆ ಮಾಡುವುದನ್ನೂ ಅದೇ ಪಟ್ಟಿಯಲ್ಲಿ ಇಟ್ಟಿದೆ. ಶ್ಯಾಡೋ ಟೀಚರ್ ಇಟ್ಟರೆ ಮಾತ್ರ ಸೀಟು ಅಂತ ಷರತ್ತು ಹಾಕುವುದು ನನ್ನ ಪ್ರಕಾರ ಸೀಟು ನಿರಾಕರಿಸುವ ಇನ್ನೊಂದು ದಾರಿ. ಆ ಷರತ್ತನ್ನೂ ಬರೆದು ಕೊಡಿ ಅಂತ ಕೇಳಿ.

ಇನ್ನೂ ಒಂದು ಮಾತು. ಪಕ್ಕದಲ್ಲಿ ಯಾವಾಗಲೂ ಒಬ್ಬ ದೊಡ್ಡವರು ಅಂಟಿಕೊಂಡು ಕೂತರೆ ಬೇರೆ ಮಕ್ಕಳು ಹತ್ತಿರ ಬರುವುದಿಲ್ಲ. ತರಗತಿಯ ಟೀಚರ್ ಕೂಡ ಈ ಮಗು ನನ್ನ ಜವಾಬ್ದಾರಿ ಅಲ್ಲ ಅಂದುಕೊಂಡುಬಿಡುತ್ತಾರೆ. ಸಹಾಯಕರು ಇದ್ದರೂ ಅವರು ನಿಧಾನವಾಗಿ ಹಿಂದೆ ಸರಿಯುತ್ತಾ ಹೋಗಬೇಕು.

ಯಾವ ಭತ್ಯೆ ಸಿಗುತ್ತದೆ?

ಸಮಗ್ರ ಶಿಕ್ಷಣದಲ್ಲಿ ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಅವಕಾಶ ಇದೆ. ಸಲಕರಣೆ, ಸಾರಿಗೆ, ಬೆಂಗಾವಲು ಭತ್ಯೆ ಇದರಲ್ಲೇ ಬರುತ್ತವೆ. ಹೆಣ್ಣುಮಕ್ಕಳಿಗೆ ಬೇರೆಯಾಗಿ ತಿಂಗಳಿಗೆ 200 ರೂಪಾಯಿ, 10 ತಿಂಗಳು. ಶಾಲೆಯವರು ಮಗುವಿನ ಅಂಗವಿಕಲತೆಯ ವಿವರವನ್ನು ಇಲಾಖೆಯ ಆನ್‌ಲೈನ್ ದಾಖಲೆಗಳಾದ ಎಸ್‌ಎಟಿಎಸ್, ಯುಡೈಸ್ ಎರಡರಲ್ಲೂ ಸರಿಯಾಗಿ ದಾಖಲಿಸಿದ್ದಾರಾ ಅಂತ ಮೊದಲು ನೋಡಿ. ಅಲ್ಲಿ ತಪ್ಪಿದರೆ ಹಣವೂ ತಪ್ಪುತ್ತದೆ. ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವಿಕಲತೆ ಇರುವ ಮಗುವಿಗೆ ಸಲಕರಣೆ, ಪುಸ್ತಕ 18 ವರ್ಷದವರೆಗೆ ಉಚಿತವಾಗಿ ಕೊಡಬೇಕು ಅಂತ 2016ರ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ.

ಬೇರೆ ಮಕ್ಕಳ ಪಾಲಕರು ತಕರಾರು ಮಾಡ್ತಿದ್ದಾರೆ.

ಹೆಡ್‌ಮಾಸ್ಟರು ಅವರನ್ನು ಕೂರಿಸಿ ನೇರವಾಗಿ ಹೇಳಬೇಕು, ಈ ಮಗು ಇಲ್ಲೇ ಓದುತ್ತದೆ ಅಂತ. ಈ ಸಮಾಧಾನದ ಕೆಲಸವನ್ನು ಮಗುವಿನ ಅಪ್ಪ ಅಮ್ಮನ ತಲೆಗೆ ಕಟ್ಟಬಾರದು.

ಎಸ್‌ಎಸ್‌ಎಲ್‌ಸಿಯಲ್ಲಿ ಏನು ರಿಯಾಯಿತಿ?

ಹೆಚ್ಚುವರಿ ಸಮಯ, ಲಿಪಿಕಾರರ ಸಹಾಯ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವು ಮೂರನ್ನೂ 2016ರ ಕಾಯ್ದೆಯೇ ಹೆಸರಿಸಿದೆ. ಯಾವ ಮಗುವಿಗೆ ಯಾವುದು ಅನ್ನುವುದು ಅಂಗವಿಕಲತೆ ಮೇಲೆ ಹೋಗುತ್ತದೆ. ಮಾರ್ಚ್‌ನಲ್ಲಿ ಓಡಾಡಿದರೆ ಆಗುವುದಿಲ್ಲ. ಪರೀಕ್ಷಾ ಮಂಡಳಿಗೆ ಹೆಸರು ನೋಂದಾಯಿಸುವಾಗಲೇ ಶಾಲೆ ಇದನ್ನು ದಾಖಲೆ ಸಮೇತ ಕಳಿಸಬೇಕು. ನಾನಂತೂ ಎಂಟನೇ ಕ್ಲಾಸಿಂದಲೇ ಶುರು ಮಾಡಿ ಅನ್ನುತ್ತೇನೆ. ಶಾಲೆಯ ಕಿರುಪರೀಕ್ಷೆಗಳಲ್ಲೂ ಲಿಪಿಕಾರರ ಜೊತೆ ಬರೆದು ಅಭ್ಯಾಸ ಆಗಬೇಕು. ಯೋಚನೆಯನ್ನು ಬಾಯಲ್ಲಿ ಹೇಳಿ ಇನ್ನೊಬ್ಬರಿಂದ ಬರೆಸುವುದೂ ಕಲಿಯಬೇಕಾದ ವಿದ್ಯೆ.

ಶೇ 40 ಇಲ್ಲದಿದ್ದರೆ ಲಿಪಿಕಾರರು ಸಿಗುವುದೇ ಇಲ್ಲ ಅನ್ನುವುದೂ ತಪ್ಪು. ಬರೆಯಲು ನಿಜವಾಗಿ ಕಷ್ಟ ಇರುವವರಿಗೆ ಶೇ 40ರ ಮಿತಿ ಅಡ್ಡ ಬರಬಾರದು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಅದು ಯುಪಿಎಸ್‌ಸಿ ಪರೀಕ್ಷೆಯ ಪ್ರಕರಣ, ಆದರೆ ಆಧಾರವಾಗಿ ತೋರಿಸಬಹುದು.

ಹತ್ತನೇ ಕ್ಲಾಸ್ ಆದ ಮೇಲೆ?

ಆರ್‌ಟಿಇ 14ಕ್ಕೆ ನಿಲ್ಲುತ್ತದೆ, 2016ರ ಕಾಯ್ದೆ 18ರವರೆಗೆ ಕೈ ಹಿಡಿಯುತ್ತದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5 ಸೀಟು ಮೀಸಲಿದೆ. ಡಿಪ್ಲೊಮಾ ಓದುವ ಆಸೆ ಇದ್ದರೆ ಮೈಸೂರಿನಲ್ಲಿ ಅಂಗವಿಕಲ ವಿದ್ಯಾರ್ಥಿಗಳಿಗಾಗಿಯೇ ಇರುವ ಜೆಎಸ್‌ಎಸ್ ಪಾಲಿಟೆಕ್ನಿಕ್ ನೋಡಿ ಬನ್ನಿ.

ಯಾರೂ ಕೇಳ್ತಿಲ್ಲ. ದೂರು ಎಲ್ಲಿ ಕೊಡೋದು?

ಮೊದಲು ಹೆಡ್‌ಮಾಸ್ಟರಿಗೆ ಬರಹದಲ್ಲಿ. ಆಮೇಲೆ ಬಿಇಒ. ಮೈಸೂರು ನಗರದವರು ತಮ್ಮ ಶಾಲೆ ಉತ್ತರ ವಲಯಕ್ಕೆ ಬರುತ್ತದಾ, ದಕ್ಷಿಣಕ್ಕಾ ಅಂತ ತಿಳಿದುಕೊಂಡು ಹೋಗಿ, ಇಲ್ಲದಿದ್ದರೆ ಅಲೆದಾಟ. ಅಲ್ಲೂ ಆಗದಿದ್ದರೆ ಜಿಲ್ಲಾ ಉಪ ನಿರ್ದೇಶಕರು. ಜೊತೆಗೇ ಒಂದು ಪ್ರತಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ.

ಇದರ ಮೇಲೆ ಬೆಂಗಳೂರಿನಲ್ಲಿ ಎರಡು ಕಡೆ ಇದೆ. ಒಂದು, 2016ರ ಕಾಯ್ದೆಯ ರಾಜ್ಯ ಆಯುಕ್ತರು. ಅವರಿಗೆ ಸಿವಿಲ್ ಕೋರ್ಟಿನ ಹಾಗೆ ಕರೆಸಿ ವಿಚಾರಿಸುವ ಅಧಿಕಾರ ಇದೆ. ಅವರು ಮಾಡಿದ ಶಿಫಾರಸಿನ ಮೇಲೆ ಏನು ಕ್ರಮ ಆಯಿತು ಅಂತ ಮೂರು ತಿಂಗಳೊಳಗೆ ತಿಳಿಸಬೇಕು. ಇನ್ನೊಂದು, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಆರ್‌ಟಿಇ ಉಲ್ಲಂಘನೆ ಅಲ್ಲಿಗೆ ಬರುತ್ತದೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಹಿಂದೆ ಸರಿಯಬೇಡಿ. ಮೈಸೂರು, ಮಂಡ್ಯ ಎರಡೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಮಹಿಳೆಯರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕೊಟ್ಟು ಈ ತಾಲ್ಲೂಕಲ್ಲಿ ವಿಶೇಷ ಶಿಕ್ಷಕರು ಎಷ್ಟು, ಹಣ ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.

ಒಬ್ಬರೇ ಹೋಗಬೇಡಿ. ನಾಲ್ಕು ಮನೆಯವರು ಸೇರಿ ಹೋಗಿ. ಒಬ್ಬ ತಾಯಿ ಹೋದರೆ ಹೊರಗಿನ ಬೆಂಚಲ್ಲಿ ಕಾಯಿಸುತ್ತಾರೆ, ನಾಲ್ಕು ಜನ ಹೋದರೆ ಒಳಗೆ ಕರೆಯುತ್ತಾರೆ.

ಜೂನ್ ಮುಗಿದುಹೋಯ್ತು. ಈಗ ಸೇರಿಸಬಹುದಾ, ಮುಂದಿನ ವರ್ಷಕ್ಕೆ ಕಾಯಬೇಕಾ?

ಕಾಯಬೇಡಿ. ವರ್ಷದ ಮಧ್ಯೆ ಬಂದರೂ ಸೇರಿಸಿಕೊಳ್ಳಬೇಕು ಅಂತ ಆರ್‌ಟಿಇಯ 15ನೇ ಸೆಕ್ಷನ್ ಹೇಳುತ್ತದೆ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಹತ್ತು ವರ್ಷದ ಮಗುವನ್ನು ಒಂದನೇ ಕ್ಲಾಸಲ್ಲಿ ಕೂರಿಸುವ ಹಾಗಿಲ್ಲ. ನಾಳೆ ಬೆಳಗ್ಗೆ ಮಗುವನ್ನೂ ಕರೆದುಕೊಂಡು, ಅರ್ಜಿಯ ಎರಡು ಪ್ರತಿ ಇಟ್ಟುಕೊಂಡು ಹೋಗಿ.